ಮನೆಯ ಸೌರ ವಿದ್ಯುತ್ತಿಗೆ ಬ್ಯಾಟರಿಯ ಆಯ್ಕೆ: ಒಂದು ಅಭ್ಯಾಸ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಹಳೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಒಂದು ಪಾಠವನ್ನೇ ಬರೆಯುತ್ತೇನೆ ಎಂದು ಒಪ್ಪಿಕೊಂಡೆನು. ಮೂರು ದಶಕಗಳಿಗೂ ಮಿಕ್ಕಿ ಕರಿಹಲಗೆಯ ಮುಂದೆ ನಿಂತವನಿಗೆ ಅದೇ ಸುಲಭ.

ಈಚಿನ ವರ್ಷಗಳಲ್ಲಿ ನಮ್ಮ ಕಾಸರಗೋಡು ಸೀಮೆಯ ಮನೆಗಳ ಮಾಡಿನ ಮೇಲೆ ಸೌರ ಫಲಕಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟಿನವರೆಗೆ ಕಿಲೋವಾಟಿಗೆ 30,000 ರೂಪಾಯಿಯಂತೆಯೂ, 3 ಕಿಲೋವಾಟ್ ಮತ್ತು ಅದಕ್ಕೂ ಮೇಲ್ಪಟ್ಟವಕ್ಕೆ ಒಟ್ಟು 78,000 ರೂಪಾಯಿಯಂತೆಯೂ ಸಹಾಯಧನ ಗೊತ್ತುಮಾಡಿದ ಮೇಲೆ ಈ ಉತ್ಸಾಹ ಇನ್ನಷ್ಟು ಹೆಚ್ಚಿತು. ಆದರೆ ಆ ಸಹಾಯಧನ ಫಲಕಗಳ ಸಾಮರ್ಥ್ಯವನ್ನು ನೋಡಿ ಕೊಡುವಂಥದು; ಬ್ಯಾಟರಿಯೆಂಬುದು ಗೃಹಸ್ಥನ ಸ್ವಂತ ಖರ್ಚು. ಪಿಂಚಣಿಯಲ್ಲಿಯೋ ಅಡಿಕೆಯ ಹುಟ್ಟುವಳಿಯಲ್ಲಿಯೋ ಉಳಿಸಿದ ಲಕ್ಷ ರೂಪಾಯಿಯನ್ನು ಅಂಗಡಿಯವನ ಮಾತೊಂದನ್ನೇ ನಂಬಿ ತೆತ್ತು ಬರುವುದು ವಿವೇಕವಲ್ಲ. ಇದಕ್ಕೆ ಬೇಕಾದ ಗಣಿತ ಏಳನೆಯ ತರಗತಿಯದಕ್ಕಿಂತ ಮೇಲಿನದಲ್ಲ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಮನೆಯ ಕಾರಣವೂ ಇದೆ. ನನ್ನ ಪತ್ನಿಗೆ ಕೆಲವು ವರ್ಷಗಳಿಂದ ಶ್ವಾಸಕೋಶದ ತೊಂದರೆ. ವೈದ್ಯರ ಸೂಚನೆಯಂತೆ ರಾತ್ರಿ ಹೊತ್ತು ಆಕ್ಸಿಜನ್ ಕಾನ್ಸಂಟ್ರೇಟರ್ ಯಂತ್ರದ ಆಸರೆ ಬೇಕು. ಸುತ್ತಲಿನ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಈ ಯಂತ್ರ ವಿದ್ಯುತ್ತಿಲ್ಲದಿದ್ದರೆ ಬರಿಯ ಪೆಟ್ಟಿಗೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಆಟಿ ತಿಂಗಳ ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ತೋಟಗಳ ನಡುವಿನ ಒಂಟಿ ಮನೆಗೆ ಮತ್ತೆ ಕರೆಂಟು ಯಾವಾಗ ಬಂದೀತೆಂದು ಹೇಳುವವರಿಲ್ಲ. ಆದುದರಿಂದ ಇಲ್ಲಿಯ ಲೆಕ್ಕವೆಲ್ಲ ನಮ್ಮ ಮನೆಗಾಗಿ ನಾನೇ ಮಾಡಿ ನೋಡಿದುದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಮಾಡಿನ ಮೇಲೆ ಸೌರ ಫಲಕ ಇದ್ದಮೇಲೆ ಕರೆಂಟು ಹೋದರೂ ಚಿಂತೆಯಿಲ್ಲವೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ವಿದ್ಯುನ್ಮಂಡಳಿಯ ತಂತಿಗೆ ಜೋಡಿಸಿದ ಬ್ಯಾಟರಿರಹಿತ ಸಾಧಾರಣ ವ್ಯವಸ್ಥೆಯಲ್ಲಿ, ತಂತಿಯಲ್ಲಿ ವಿದ್ಯುತ್ ನಿಂತ ಕೂಡಲೇ ಇನ್ವರ್ಟರ್ ತಾನಾಗಿಯೇ ನಿಂತುಬಿಡುತ್ತದೆ. ಹೊರಗೆ ರಣಬಿಸಿಲಿದ್ದರೂ ಮನೆಯೊಳಗೆ ಫ್ಯಾನು ತಿರುಗುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಇಟ್ಟ ಏರ್ಪಾಡು. ಕಂಬ ಹತ್ತಿ ತಂತಿ ಸರಿಪಡಿಸುತ್ತಿರುವ ಲೈನ್‌ಮ್ಯಾನ್, ಸರಬರಾಜು ಕಡಿದಿದೆಯೆಂಬ ನಂಬಿಕೆಯಲ್ಲಿ ಕೈಯಿಕ್ಕಿರುತ್ತಾನೆ. ನಮ್ಮ ಮಾಡಿನ ವಿದ್ಯುತ್ತು ಆ ತಂತಿಗೆ ಹರಿದರೆ ಅವನ ಪ್ರಾಣಕ್ಕೆ ಅಪಾಯ. ಆದುದರಿಂದ ಕತ್ತಲೆಯಲ್ಲಿ ಬೆಳಕು ಬೇಕೆನ್ನುವವರು ಹೈಬ್ರಿಡ್ ಇನ್ವರ್ಟರನ್ನೂ ಅದಕ್ಕೊಪ್ಪುವ ಬ್ಯಾಟರಿಯನ್ನೂ ಪ್ರತ್ಯೇಕವಾಗಿ ಯೋಚಿಸಬೇಕಾಗುತ್ತದೆ. ಅಂಥ ಇನ್ವರ್ಟರ್ ಹೊರಗಿನ ತಂತಿಯಿಂದ ಮನೆಯನ್ನು ಬೇರ್ಪಡಿಸಿಕೊಂಡು, ಒಳಗಿನ ಆಯ್ದ ಸ್ವಿಚ್ಚುಗಳಿಗೆ ಮಾತ್ರ ವಿದ್ಯುತ್ತನ್ನು ಒದಗಿಸುತ್ತದೆ.

ಇನ್ನು ಪರಿಮಾಣಗಳ ವಿಚಾರ. ಪೇಟೆಯ ಅಂಗಡಿಯೊಂದರಲ್ಲಿ ‘ಐದು ಕಿಲೋವಾಟಿನ ಬ್ಯಾಟರಿ’ ಎಂದು ತೋರಿಸಿದರು. ಕಿಲೋವಾಟೋ, ಕಿಲೋವಾಟ್-ಅವರ್ ಆಗಿದೆಯೋ ಎಂದು ಕೇಳಿದೆ. ಎರಡೂ ಒಂದೇ ಅಲ್ಲವೇ ಮಾಷ್ಟ್ರೇ ಎಂಬ ಉತ್ತರ ಬಂತು. ಒಂದೇ ಅಲ್ಲ. ನಮ್ಮ ಊರುಗಳ ಮದಕವನ್ನು ನೆನೆಯಿರಿ. ಮದಕದಲ್ಲಿ ಎಷ್ಟು ನೀರು ನಿಂತಿದೆ ಎಂಬುದು ಒಂದು ಪ್ರಶ್ನೆ, ತೂಬು ತೆರೆದರೆ ಒಮ್ಮೆಗೆ ಎಷ್ಟು ನೀರು ಹರಿದೀತು ಎಂಬುದು ಇನ್ನೊಂದು. ಮದಕ ವಿಶಾಲವಾಗಿದ್ದು ತೂಬು ಇಕ್ಕಟ್ಟಾಗಿರಬಹುದು. ಕಿಲೋವಾಟ್-ಅವರ್ ಎಂದರೆ ನಿಂತ ನೀರು. ನಮ್ಮ ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರುವುದು ಅದೇ. ಕಿಲೋವಾಟ್ ಎಂದರೆ ತೂಬಿನ ಅಗಲ. ನಮ್ಮದೇ ಜಿಲ್ಲೆಯ ಮೈಲಾಟಿಯಲ್ಲಿ ವಿದ್ಯುನ್ಮಂಡಳಿಯು ಯೋಜಿಸಿರುವ ಬೃಹತ್ ಬ್ಯಾಟರಿ ಸಂಚಯ ಕೇಂದ್ರದ ಅಳತೆ 125 ಮೆಗಾವಾಟ್, 500 ಮೆಗಾವಾಟ್-ಅವರ್ ಎಂದು ಪತ್ರಿಕೆಗಳಲ್ಲಿ ಬಂದುದನ್ನು ಹಲವರು ಓದಿರಬಹುದು. 500ನ್ನು 125ರಿಂದ ಭಾಗಿಸಿದರೆ 4. ಅಂದರೆ ಪೂರ್ಣ ಬಲದಿಂದ ಹರಿದರೆ ಅದು ನಾಲ್ಕು ಗಂಟೆಗಳ ಸಂಗ್ರಹ. ಸಂಜೆಯ ಒತ್ತಡದ ಹೊತ್ತಿಗೆ ಸರಿಹೊಂದುವಷ್ಟು. ಮನೆಯ ಬ್ಯಾಟರಿಗೂ ಇದೇ ಭಾಗಾಕಾರ.

ಈಗ ನಮ್ಮ ಮನೆಯ ರಾತ್ರಿಯ ಲೆಕ್ಕ. 9 ವಾಟಿನ ಆರು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೆ 270 ವಾಟ್-ಅವರ್. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30 ವಾಟ್ ಮಾತ್ರ ತೆಗೆದುಕೊಳ್ಳುತ್ತದೆ. (ಹಳೆಯದು 75 ವಾಟಿನಷ್ಟು ನುಂಗುತ್ತದೆ. ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸುವುದೇ ಲಾಭವೆಂದು ನಾನು ಬಂದವರಿಗೆಲ್ಲ ಹೇಳುತ್ತೇನೆ.) ಅಂಥ ಎರಡು ಫ್ಯಾನುಗಳಿಗೆ ಎಂಟು ಗಂಟೆಗೆ 480. ಮೊಮ್ಮಕ್ಕಳ ಇಂಟರ್‌ನೆಟ್ ಪೆಟ್ಟಿಗೆಗೆ ಹನ್ನೆರಡು ಗಂಟೆಗೆ 120. ಆಮ್ಲಜನಕದ ಯಂತ್ರಕ್ಕೆ 350 ವಾಟಿನಂತೆ ಎಂಟು ಗಂಟೆಗೆ 2,800. ಕೂಡಿಸಿದರೆ 3,670 ವಾಟ್-ಅವರ್, ಅಂದರೆ 3.67 ಯೂನಿಟ್. ಒಂದೇ ಯಂತ್ರ ಉಳಿದೆಲ್ಲವುಗಳ ಮೂರು ಪಾಲಿಗೂ ಮಿಕ್ಕಿ ತೆಗೆದುಕೊಳ್ಳುವುದನ್ನು ಗಮನಿಸಿರಿ. ಯಾವ ಮನೆಯಲ್ಲಾದರೂ ಹೀಗೆಯೇ: ಒಂದೋ ಎರಡೋ ಉಪಕರಣಗಳೇ ಲೆಕ್ಕವನ್ನು ನಿರ್ಧರಿಸುತ್ತವೆ, ದೀಪಗಳಲ್ಲ. ಇನ್ವರ್ಟರಿನೊಳಗೆ ನಷ್ಟವಾಗುವುದು ನೂರಕ್ಕೆ ಹತ್ತೆಂದು ಹಿಡಿದರೆ ಬ್ಯಾಟರಿಯಿಂದ ಹೊರಡಬೇಕಾದುದು 4.08 ಯೂನಿಟ್.

ಫ್ರಿಜ್ಜನ್ನು ನಾನು ಈ ಪಟ್ಟಿಯಲ್ಲಿ ಸೇರಿಸಲಿಲ್ಲ. ಬಾಗಿಲು ತೆರೆಯದೆ ಬಿಟ್ಟರೆ ಅದು ಕೆಲವು ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆ. ಇನ್ಸುಲಿನ್ ಇಡುವ ಮನೆಗಳವರು ಸೇರಿಸಿಕೊಳ್ಳಲಿ. ನೀರೆತ್ತುವ ಪಂಪನ್ನಂತೂ ಬ್ಯಾಟರಿಗೆ ಜೋಡಿಸಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಎಚ್.ಪಿ. ಪಂಪು ಓಡುವಾಗ ಕಿಲೋವಾಟಿನ ಆಸುಪಾಸು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಬಿಸಿಲಿರುವಾಗಲೇ ಪಂಪು ಹಾಕಿ ಮೇಲಿನ ಟಾಂಕಿಯನ್ನು ತುಂಬಿಸಿದರಾಯಿತು. ಮೇಲೆ ನಿಂತ ನೀರು ಕೂಡ ಸಂಗ್ರಹಿಸಿದ ಶಕ್ತಿಯೇ ಎಂದು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ನಾವು ಕಲಿಸಿಲ್ಲವೇ?

ಇಷ್ಟು ತಿಳಿದ ಮೇಲೆ ಬ್ಯಾಟರಿಯ ಜಾತಿಗಳನ್ನು ನೋಡಬಹುದು. ಒಮ್ಮೆ ಬಳಸಿ ಎಸೆಯುವುದು ಪ್ರಾಥಮಿಕ ಕೋಶ, ಮತ್ತೆ ಮತ್ತೆ ತುಂಬಿಸಬಹುದಾದುದು ದ್ವಿತೀಯಕ ಕೋಶ ಎಂದು ನಮ್ಮ ಕನ್ನಡ ಪಠ್ಯಗಳಲ್ಲಿ ಓದಿದ್ದೆವು. ದ್ವಿತೀಯಕ ಕೋಶಗಳಲ್ಲಿ ಹಿರಿಯದು ಸೀಸ–ಗಂಧಕಾಮ್ಲದ ಕೋಶ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಇದನ್ನು ರಚಿಸಿದನು. ಸೀಸದ ಫಲಕ, ಸೀಸದ ಡೈಆಕ್ಸೈಡಿನ ಫಲಕ, ನಡುವೆ ದುರ್ಬಲ ಗಂಧಕಾಮ್ಲ. ಕೋಶ ಬರಿದಾಗುತ್ತ ಹೋದಂತೆ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ತುಂಬಿಸಿದಾಗ ಅದು ಕರಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಲ್ಫೇಟು ಗಟ್ಟಿ ಹರಳುಗಳಾಗಿ ಕುಳಿತುಬಿಡುತ್ತದೆ. ಆ ಮೇಲೆ ಎಷ್ಟು ತುಂಬಿಸಿದರೂ ಹಳೆಯ ಬಲ ಬಾರದು. ಮಳೆಗಾಲದಲ್ಲಿ ನಮ್ಮಲ್ಲಿ ಬ್ಯಾಟರಿಗಳು ಸಾಯುವುದು ಹೆಚ್ಚಾಗಿ ಈ ರೋಗದಿಂದಲೇ. ತುಂಬಿಸುವಾಗ ನೀರಿನಂಶ ಒಡೆದು ಜಲಜನಕ, ಆಮ್ಲಜನಕಗಳಾಗಿ ಹೊರಡುವುದರಿಂದ ಆಗಾಗ ಶುದ್ಧ ಬಟ್ಟಿಯಿಳಿಸಿದ ನೀರನ್ನು ಎರೆಯಬೇಕು. ಬಾವಿಯ ನೀರೂ ಸುರಂಗದ ನೀರೂ ಕುಡಿಯಲು ಅಮೃತವಾದರೂ ಬ್ಯಾಟರಿಗೆ ವಿಷ.

ಇದರ ಬಲಕ್ಕೆ ಇನ್ನೊಂದು ಮಿತಿಯಿದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯ ಸಂಗ್ರಹ ಗುಣಾಕಾರದ ಪ್ರಕಾರ 1.8 ಯೂನಿಟ್. ಆದರೆ ಅದರ ಅರ್ಧವನ್ನು ಮಾತ್ರ ಬಳಸುವುದು ಕ್ರಮ. ಪ್ರತಿದಿನವೂ ತಳ ಕಾಣುವವರೆಗೆ ಬರಿದುಮಾಡಿದರೆ ಆಯುಸ್ಸು ಕುಂದುತ್ತದೆ. ಲೇಬಲ್ಲಿನಲ್ಲಿ ಸಿ10, ಸಿ20 ಎಂಬ ಗುರುತುಗಳನ್ನೂ ನೋಡತಕ್ಕದ್ದು. ಸಿ10 ಎಂದರೆ ಹತ್ತು ಗಂಟೆಯಲ್ಲಿ ಬರಿದುಮಾಡಿ ಅಳೆದ ಸಾಮರ್ಥ್ಯ, ಸಿ20 ಎಂದರೆ ಇಪ್ಪತ್ತು ಗಂಟೆಯಲ್ಲಿ. ಸೀಸದ ಬ್ಯಾಟರಿಯಿಂದ ಅವಸರವಾಗಿ ಎಳೆದಷ್ಟೂ ಸಿಗುವುದು ಕಡಿಮೆ. ಆದುದರಿಂದ ಎರಡು ಬ್ಯಾಟರಿಗಳ ಮೇಲೂ 150 ಎಂದೇ ಬರೆದಿದ್ದರೂ ಸಿ10ರದು ನಿಜವಾಗಿ ದೊಡ್ಡದು. ಸೌರ ವ್ಯವಸ್ಥೆಗೆ ಅದೇ ಬೇಕು.

ಲಿಥಿಯಂ ಕೋಶದ ಕಥೆ ಬೇರೆ. ಚಂದ್ರಗಿರಿ ಹೊಳೆಯ ಕಡವಿನಲ್ಲಿ ದೋಣಿ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸಿದಂತೆ ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಹೋಗಿ ನೆಲೆಸುತ್ತವೆ, ತುಂಬಿಸುವಾಗ ಮರಳುತ್ತವೆ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಕೋಶಕ್ಕಾಗಿ ದುಡಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಗುಡೆನಫ್ ಅವರಿಗೆ ಆಗ 97 ವರ್ಷ. ನಮ್ಮಂಥ ನಿವೃತ್ತರಿಗೆ ಸಮಾಧಾನ ಕೊಡುವ ಸಂಗತಿ. ಲಿಥಿಯಂ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಮನೆಗೆ ತಕ್ಕುದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಎಂದು ಬರೆಯುವ ಬಗೆ. ಇದೂ ಗುಡೆನಫ್ ಅವರ ತಂಡದ ಶೋಧನೆಯೇ, 1997ರಲ್ಲಿ ಪ್ರಕಟವಾದುದು. ನಿಕಲ್, ಕೋಬಾಲ್ಟ್ ಬೆರೆತ ಬಗೆ ಹಗುರವಾದರೂ ಕಾವೇರಿದಾಗ ಬೆಂಕಿ ಹಿಡಿಯುವ ಸಂಭವ ಹೆಚ್ಚು. ವಾಹನಕ್ಕೆ ಹಗುರ ಬೇಕು. ಮನೆಯ ಮೂಲೆಯಲ್ಲಿ ಕುಳಿತಿರುವ ಪೆಟ್ಟಿಗೆಗೆ ಏಕೆ? ಎಲ್‌ಎಫ್‌ಪಿ ಕೋಶವೊಂದರ ವೋಲ್ಟೇಜು 3.2. ಹದಿನಾರನ್ನು ಸರಣಿಯಲ್ಲಿ ಜೋಡಿಸಿದರೆ 51.2 ವೋಲ್ಟ್, ಅದು 100 ಆಂಪಿಯರ್-ಅವರ್ ಆದರೆ 5.12 ಯೂನಿಟ್. ನೂರಕ್ಕೆ ಎಂಬತ್ತರಷ್ಟನ್ನು ಧಾರಾಳವಾಗಿ ಬಳಸಬಹುದಾದುದರಿಂದ ಕೈಗೆ ಸಿಗುವುದು 4.1. ನಮ್ಮ ಮನೆಗೆ ಬೇಕಾದುದು 4.08 ಎಂದು ಮೊದಲೇ ಕಂಡಿದ್ದೇವೆ.

ಅದೇ ಕೆಲಸವನ್ನು ಸೀಸದ ಬ್ಯಾಟರಿಯಿಂದ ಮಾಡಿಸಬೇಕಾದರೆ 4.08ರ ಎರಡು ಪಟ್ಟು, ಅಂದರೆ 8.16 ಯೂನಿಟಿನ ಸಂಗ್ರಹ ಬೇಕು. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಗಳು ನಾಲ್ಕು ಆದರೆ 9.6 ಆಗುತ್ತದೆ. ಬೆಲೆಗಳು ತಿಂಗಳಿಗೊಮ್ಮೆ ಬದಲಾಗುತ್ತವೆ. ಲೆಕ್ಕದ ಸೌಕರ್ಯಕ್ಕಾಗಿ ಈ ನಾಲ್ಕಕ್ಕೆ 80,000, ಲಿಥಿಯಂ ಪೆಟ್ಟಿಗೆಗೆ 1,20,000 ಎಂದಿಟ್ಟುಕೊಳ್ಳೋಣ. ಓದುಗರು ತಮ್ಮ ಕೈಗೆ ಬಂದ ದರಪಟ್ಟಿಯ ಅಂಕೆಗಳನ್ನು ಹಾಕಿಕೊಳ್ಳಲಿ. ಸೀಸದ್ದು ಅರ್ಧ ಬರಿದಾಗುವ 1,200 ಸುತ್ತು, ಲಿಥಿಯಂನದು 4,000 ಸುತ್ತು ಬಾಳುತ್ತದೆಂದು ಹಿಡಿದರೆ, ಮೊದಲನೆಯದು ಜೀವಮಾನದಲ್ಲಿ ಕೊಡುವುದು 5,760 ಯೂನಿಟ್, ಎರಡನೆಯದು ಸುಮಾರು 16,400. ಯೂನಿಟಿಗೆ ಬೀಳುವ ಖರ್ಚು ಕ್ರಮವಾಗಿ ಸುಮಾರು 13 ರೂಪಾಯಿ 90 ಪೈಸೆ, 7 ರೂಪಾಯಿ 30 ಪೈಸೆ. ಅಗ್ಗದ್ದು ದುಬಾರಿಯಾಯಿತು!

ಮಾರುವವರು ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದು ದಿನವೂ ಬ್ಯಾಟರಿಯನ್ನು ತುಂಬಿಸಿ ಬರಿದುಮಾಡುವವರಿಗೆ ಮಾತ್ರ ಸರಿ. ಹಗಲಿನ ಹೆಚ್ಚುವರಿ ವಿದ್ಯುತ್ತನ್ನು ಮಂಡಳಿಗೆ ಕೊಟ್ಟು ಲೆಕ್ಕಕ್ಕೆ ಹಿಡಿಸಿಕೊಳ್ಳುವ ಅನುಕೂಲವಿರುವ ಮನೆಯಲ್ಲಿ ಬ್ಯಾಟರಿಗೆ ಕೆಲಸ ಬೀಳುವುದು ಕರೆಂಟು ಹೋದಾಗಷ್ಟೆ. ವರ್ಷಕ್ಕೆ ನಲವತ್ತು ಬಾರಿ ಎಂದರೆ ಹತ್ತು ವರ್ಷಕ್ಕೆ ನಾನೂರು ಸುತ್ತು. ಅಲ್ಲಿ 4,000 ಸುತ್ತಿನ ಹೊಗಳಿಕೆಯಿಂದ ನಮಗೇನು? ಅಲ್ಲಿ ನೋಡಬೇಕಾದುದು ಸುತ್ತನ್ನಲ್ಲ, ವಯಸ್ಸನ್ನು. ಚೆನ್ನಾಗಿ ನೋಡಿಕೊಂಡ ಸೀಸದ ಬ್ಯಾಟರಿ ಐದು ವರ್ಷ ಬಂದರೆ ಹತ್ತು ವರ್ಷಕ್ಕೆ ಎರಡು ಜೊತೆ, ಅಂದರೆ 1,60,000. ಹಳೆಯದಕ್ಕೆ ಗುಜರಿಯಲ್ಲಿ ಒಂದಿಷ್ಟು ಮರಳಿ ಬರುತ್ತದೆ. ಅಂತರ ಕಿರಿದಾಗುತ್ತದೆ. ಉಳಿದುದನ್ನು ನಿರ್ಧರಿಸುವುದು ಮನೆಯ ಪರಿಸ್ಥಿತಿ. ಒಂದೊಂದೂ 60 ಕಿಲೋ ಆಸುಪಾಸಿನ ನಾಲ್ಕು ಬ್ಯಾಟರಿಗಳಿಗೆ ನೀರೆರೆಯುತ್ತ, ತುಕ್ಕು ಒರೆಸುತ್ತ ಇರಲು ಎಪ್ಪತ್ತು ದಾಟಿದವನಿಗೆ ಬಗ್ಗಲು ಸೊಂಟ ಬೇಕಷ್ಟೆ. ಮಕ್ಕಳು ದೂರದ ಊರುಗಳಲ್ಲಿರುವಾಗ ಇದನ್ನು ಉಪೇಕ್ಷಿಸುವಂತಿಲ್ಲ. ಆದುದರಿಂದ ನಮ್ಮ ಮನೆಗೆ ಲಿಥಿಯಂ ಎಂದು ತೀರ್ಮಾನಿಸಿದೆ.

ಎಲ್ಲರಿಗೂ ಅದೇ ತೀರ್ಮಾನ ಸಲ್ಲದು. ಆರು ದೀಪ, ಎರಡು ಬಿಎಲ್‌ಡಿಸಿ ಫ್ಯಾನು, ಒಂದು ಇಂಟರ್‌ನೆಟ್ ಪೆಟ್ಟಿಗೆ ಇಷ್ಟೇ ಬೇಕಾದವರಿಗೆ ಒಟ್ಟು ಭಾರ 124 ವಾಟ್. 150 ಆಂಪಿಯರ್-ಅವರಿನ ಸೀಸದ ಬ್ಯಾಟರಿ ಒಂದೇ ಆರು ಗಂಟೆ ನಡೆಸುತ್ತದೆ. ಗಟ್ಟಿಮುಟ್ಟಾದ ಮಗನೋ ಸೊಸೆಯೋ ಮನೆಯಲ್ಲಿದ್ದು ತಿಂಗಳಿಗೊಮ್ಮೆ ನೀರು ನೋಡುವಂತಿದ್ದರೆ, ಅಂಥವರು ಲಕ್ಷ ರೂಪಾಯಿಯ ಪೆಟ್ಟಿಗೆಗೆ ಸಾಲ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಮಳೆಗಾಲವೇ ನಮ್ಮ ಸೀಮೆಯ ನಿಜವಾದ ಪರೀಕ್ಷೆ. ಒಳ್ಳೆಯ ಬಿಸಿಲಿನ ದಿನ ಒಂದು ಕಿಲೋವಾಟ್ ಫಲಕ ನಾಲ್ಕು ಯೂನಿಟಿನಷ್ಟು ಕೊಡುತ್ತದೆ. ಕಾರ್ಮೋಡ ಕವಿದ ಆಷಾಢದ ದಿನ ಅದು ಒಂದೆರಡಕ್ಕೆ ಇಳಿಯಬಹುದು. ಬಿಸಿಲು ಕಡಿಮೆಯಾಗುವುದೂ ಕರೆಂಟು ಹೆಚ್ಚು ಹೋಗುವುದೂ ಒಂದೇ ಕಾಲದಲ್ಲಿ! ಆದುದರಿಂದ ಜೂನ್ ಬರುವ ಮೊದಲೇ ಇನ್ವರ್ಟರಿನ ಸೆಟ್ಟಿಂಗನ್ನು ಬದಲಿಸಿ, ತಂತಿಯಲ್ಲಿ ಕರೆಂಟು ಇರುವಾಗಲೆಲ್ಲ ಅದರಿಂದಲೂ ಬ್ಯಾಟರಿ ತುಂಬುವಂತೆಯೂ, ತುಂಬಿದ ಸಂಗ್ರಹವನ್ನು ಸಾಮಾನ್ಯ ದಿನಗಳಲ್ಲಿ ಮುಟ್ಟದಂತೆಯೂ ಮಾಡಿಡಬೇಕು. ಮಳೆ ಕಳೆದ ಮೇಲೆ ಮತ್ತೆ ಬಿಸಿಲಿಗೇ ಮೊದಲ ಸ್ಥಾನ. ಈ ಬದಲಾವಣೆಯನ್ನು ಹೇಗೆ ಮಾಡುವುದೆಂದು ಜೋಡಿಸಲು ಬಂದ ಹುಡುಗನಿಂದಲೇ ಕೇಳಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಟ್ಟುಕೊಳ್ಳಿ. ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಮಲೆಯಾಳದಲ್ಲಿ ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಗುಂಡಿ ಒತ್ತಬೇಕಾದ ಅಜ್ಜಿಗೆ ಬರುವುದು ಕನ್ನಡವೋ ತುಳುವೋ. ರೋಗಿಗಳಿರುವ ಮನೆಯವರು ಇನ್ನೂ ಒಂದು ವಿಷಯವನ್ನು ಮರೆಯಬಾರದು. ಎರಡು ಮೂರು ದಿನ ಕರೆಂಟೂ ಇಲ್ಲ, ಬಿಸಿಲೂ ಇಲ್ಲವೆಂದಾದರೆ ಯಾವ ಬ್ಯಾಟರಿಯೂ ಸಾಲದು. ವೈದ್ಯರನ್ನು ಕೇಳಿ ತುಂಬಿದ ಆಮ್ಲಜನಕದ ಸಿಲಿಂಡರೊಂದನ್ನು ಮನೆಯಲ್ಲಿಡಲೇಬೇಕು. ನಮ್ಮಲ್ಲಿ ಅದು ಮಂಚದ ಪಕ್ಕದಲ್ಲೇ ಇದೆ. ಇಂಥ ಯಂತ್ರಗಳಿಗೆ ಶುದ್ಧ ಸೈನ್ ತರಂಗದ ಇನ್ವರ್ಟರೇ ಆಗಬೇಕೆಂಬುದೂ ನೆನಪಿರಲಿ.

ಬ್ಯಾಟರಿಯ ಸ್ಥಳದ ಬಗ್ಗೆ ಜನ ಅಷ್ಟಾಗಿ ಯೋಚಿಸುವುದಿಲ್ಲ. ಶಾಖ ಇದರ ಶತ್ರು. 25 ಡಿಗ್ರಿಗಿಂತ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ಸಾಮಾನ್ಯ ಸೂತ್ರ. ಶೀಟಿನ ಮಾಡಿನ ಕೆಳಗಿನ ಅಟ್ಟ ಇದಕ್ಕೆ ತೀರ ಕೆಟ್ಟ ಜಾಗ. ಸೀಸದ್ದಾದರೆ ಜಲಜನಕ ಹೊರಹೋಗುವಂತೆ ಗಾಳಿಯಾಡಬೇಕು. ಮಲಗುವ ಕೋಣೆ, ದೇವರ ದೀಪದ ಬಳಿ, ಅಡುಗೆಯ ಗ್ಯಾಸಿನ ಬಳಿ ಸಲ್ಲದು. ಲಿಥಿಯಂ ಪೆಟ್ಟಿಗೆಯನ್ನು ಒಣ ಗೋಡೆಗೆ, ನೆಲದ ತೇವ ತಾಗದಂತೆ, ಹೊರಹೋಗುವ ಬಾಗಿಲಿಗೆ ಅಡ್ಡವಾಗದಂತೆ ಇಡಬೇಕು. ಅದರಿಂದ ಹೊಗೆ ಬಂದರೆ ನಂದಿಸಲು ನಿಲ್ಲದೆ ಎಲ್ಲರೂ ಹೊರಗೆ ಬಂದು 101ಕ್ಕೆ ಕರೆಮಾಡುವುದು. ಹಳೆಯ ಸ್ಕೂಟರುಗಳಿಂದ ಬಿಚ್ಚಿದ ಕೋಶಗಳನ್ನು ಜೋಡಿಸಿ ಅರ್ಧ ಬೆಲೆಗೆ ಕೊಡುತ್ತೇವೆಂದು ಬರುವವರಿದ್ದಾರೆ. ಅಂಥವರನ್ನು ಕಾಫಿ ಕೊಟ್ಟು ಕಳುಹಿಸಿರಿ. ತುಲಾ ತಿಂಗಳ ಗುಡುಗುಮಿಂಚು ನಮ್ಮಲ್ಲಿ ಪ್ರಬಲವಾದುದರಿಂದ ಏರುವೋಲ್ಟೇಜ್ ತಡೆಯುವ ಸಾಧನಗಳೂ ಸರಿಯಾದ ಭೂಸಂಪರ್ಕವೂ ಇಲ್ಲದೆ ಕೆಲಸ ಒಪ್ಪಿಕೊಳ್ಳಬೇಡಿ.

ವಾರಂಟಿ ಕಾಗದವನ್ನು ಹಣ ಕೊಡುವ ಮೊದಲೇ ಓದಬೇಕು. ‘ಹತ್ತು ವರ್ಷ ಅಥವಾ ಇಷ್ಟು ಸುತ್ತು, ಯಾವುದು ಮೊದಲೋ ಅದು’ ಎಂದಿರುತ್ತದೆ. ಅವಧಿಯ ಕೊನೆಗೆ ಮೂಲ ಸಾಮರ್ಥ್ಯದ ನೂರಕ್ಕೆ ಎಷ್ಟು ಉಳಿಯುತ್ತದೆಂದು ಎಲ್ಲಿ ಬರೆದಿದೆ ನೋಡಿ. ಲಿಥಿಯಂಗೆ ಐಇಸಿ 62619, ಸೀಸದ್ದಕ್ಕೆ ಐಎಸ್ 16270 ಎಂಬ ಮಾನಕಗಳ ಪ್ರಮಾಣಪತ್ರ ಕೇಳಿ. ಒಳಗಿನ ಕಾವಲು ಮಂಡಲ, ಬಿಎಂಎಸ್ ಎನ್ನುವುದು, ನೀವು ಕೊಳ್ಳುವ ಇನ್ವರ್ಟರಿನೊಂದಿಗೆ ಮಾತನಾಡುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ತೋಟದ ಕಣಿವೆಗೆ ಎಸೆಯುವ ಪದ್ಧತಿ ಇನ್ನಾದರೂ ನಿಲ್ಲಲಿ. ಮಂಡಳಿಯೊಂದಿಗಿನ ಕೊಡುಕೊಳ್ಳುವಿಕೆಯ ನಿಯಮಗಳು ಆಗಾಗ ಬದಲಾಗುವುದರಿಂದ ಸೆಕ್ಷನ್ ಆಫೀಸಿನಲ್ಲಿ ಆ ಹೊತ್ತಿನ ನಿಯಮವನ್ನು ಕೇಳಿಯೇ ಮುಂದುವರಿಯುವುದು.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಮಹೋತ್ಸವದ ನೆನಪಿಗೆ ಶಾಲೆಯ ಮಾಡಿಗೆ ಸೌರ ಫಲಕಗಳನ್ನೂ ದೊಡ್ಡದೊಂದು ಬ್ಯಾಟರಿಯನ್ನೂ ಕೊಡಿಸುವ ಆಲೋಚನೆ ಹಳೆಯ ವಿದ್ಯಾರ್ಥಿ ಸಂಘದವರಲ್ಲಿದೆ. ಫಲಕಗಳು ಬರಲಿ. ದೊಡ್ಡ ಬ್ಯಾಟರಿ ಬೇಡವೆಂದು ನಾನು ಸಮಿತಿಗೆ ಹೇಳಿದ್ದೇನೆ. ಶಾಲೆ ನಡೆಯುವುದು ಹಗಲಿನಲ್ಲಿ, ಬಿಸಿಲಿರುವಾಗಲೇ. ಬಿಸಿಲು ತುಂಬಿ ತುಳುಕುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ. ಆಗಿನ ವಿದ್ಯುತ್ತು ಮಂಡಳಿಗೆ ಹೋಗಲಿ. ಕರೆಂಟು ಹೋದಾಗ ಕಂಪ್ಯೂಟರ್ ಕೋಣೆಯನ್ನೂ ಪ್ರೊಜೆಕ್ಟರನ್ನೂ ಒಂದೆರಡು ಗಂಟೆ ನಡೆಸುವ ಸಣ್ಣ ಎಲ್‌ಎಫ್‌ಪಿ ಪೆಟ್ಟಿಗೆಯೊಂದು ಸಾಕು. ಉಳಿದ ಹಣದಲ್ಲಿ ತರಗತಿಗಳ ಹಳೆಯ ಫ್ಯಾನುಗಳನ್ನು ಬದಲಿಸಬಹುದು. ಜೋಡಿಸಿದ ದಿನದಿಂದ ಎಷ್ಟು ಯೂನಿಟ್ ಬಂತು, ಎಷ್ಟು ಹೋಯಿತೆಂದು ದಿನವೂ ಬರೆದಿಡುವ ಪುಸ್ತಕವೊಂದನ್ನು ಏಳನೆಯ ತರಗತಿಯ ಮಕ್ಕಳ ಕೈಗೆ ಕೊಡಬೇಕೆಂದೂ ಕೇಳಿಕೊಂಡಿದ್ದೇನೆ. ಮನೆಗಾಗಿ ಈ ಲೆಕ್ಕವನ್ನು ಮಾಡಿಸಿಕೊಳ್ಳಲು ಬಯಸುವ ಹಳೆಯ ವಿದ್ಯಾರ್ಥಿಗಳು ಕಳೆದ ವರ್ಷದ ಆರು ಬಿಲ್ಲುಗಳನ್ನೂ ಬ್ಯಾಟರಿಯ ದರಪಟ್ಟಿಯನ್ನೂ ಹಿಡಿದುಕೊಂಡು ಬಂದರೆ ಸಂಜೆ ನಾಲ್ಕರ ಮೇಲೆ ನಾನು ಚಾವಡಿಯಲ್ಲೇ ಇರುತ್ತೇನೆ.